ಕಿಲಾರಿಯ ಮೆಟ್ಟು

ಹಳೆ ಗಾಡಿಗೆ ಹೊಸ ಗಾಡಿಯ ಸಾಮಾನು ಕೂರುವುದಿಲ್ಲ ಎನ್ನುವವರನ್ನು ನಾನು ಶೆಡ್ಡಿನ ಒಳಕ್ಕೆ ಬಿಡುವುದಿಲ್ಲ. ಕೂರುವುದಿಲ್ಲ ಎಂದರೆ ಕೂರಿಸಲು ಬರುವುದಿಲ್ಲ ಎಂದು ಅರ್ಥ, ಅಷ್ಟೇ. ಚಳ್ಳಕೆರೆಯ ಬಳ್ಳಾರಿ ರಸ್ತೆಯಲ್ಲಿ ಒಂದು ಎಣ್ಣೆ ಮಿಲ್ಲಿನ ಹಿಂಗೋಡೆಗೆ ತಗಡು ಇಳಿಬಿಟ್ಟು ಮಾಡಿಕೊಂಡ ಶೆಡ್ಡು ನನ್ನದು. ದಿನಾ ಹುಡುಗರು ಬರುತ್ತಾರೆ. ಸೈಲೆನ್ಸರ್ ಕೊಯ್ದು ಪಟಾಕಿ ಹೊಡೆಯೋ ಹಂಗೆ ಮಾಡಿಕೊಡಣ್ಣ, ರೀಲ್ಸ್ ಮಾಡಬೇಕು ಎನ್ನುತ್ತಾರೆ. ಅವರನ್ನು ಬೈದು ಓಡಿಸುವುದರಲ್ಲೇ ಅರ್ಧ ಬೆಳಗು ಹೋಗುತ್ತದೆ. ಎಂಟನೇ ಕ್ಲಾಸಿಗೆ ಸ್ಕೂಲು ಬಿಟ್ಟವನಿಗೆ ಇಷ್ಟು ಸೊಕ್ಕು ಎಲ್ಲಿಂದ ಬಂತು ಎಂದು ಕೇಳಿದವರಿದ್ದಾರೆ. ಕೆಲಸ ಬರುತ್ತದೆ, ಅಲ್ಲಿಂದ ಬಂತು.

ಮುದ್ದಪ್ಪ ಮಾವನ ಗಾಡಿಯ ಕೆಲಸ ಹಿಡಿದದ್ದೂ ಹೀಗೇ ಸಿಟ್ಟಿನಲ್ಲಿ.

ಮುದ್ದಪ್ಪ ನಮ್ಮವ್ವನ ತಮ್ಮ, ನಮ್ಮ ಗುಡಿಕಟ್ಟಿನ, ಎಂದರೆ ಒಂದೇ ಗುಡಿಗೆ ನಡೆದುಕೊಳ್ಳುವ ನಮ್ಮ ಮಂದಿಯ, ಕಿಲಾರಿ. ದೇವರಿಗೆ ಬಿಟ್ಟ ಎತ್ತು, ಆಕಳು, ಕರುಗಳ ಹಿಂಡನ್ನು ಕಾಯುವವನೇ ಕಿಲಾರಿ. ಆ ದನಗಳ ಹೆಗಲಿಗೆ ನೊಗ ಇಡುವಂತಿಲ್ಲ, ಅವನ್ನು ಮಾರುವಂತಿಲ್ಲ. ಕಾಯುವವನಿಗೂ ಕಟ್ಟುಪಾಡು ಇದೆ. ಗುಡಿಯ ಕೋಲನ್ನು ಕೈಗೆ ತೆಗೆದುಕೊಂಡ ದಿನ ಕಾಲಿನ ಚಪ್ಪಲಿ ಬಿಟ್ಟರೆ ಮತ್ತೆ ಮೆಟ್ಟುವಂತಿಲ್ಲ. ಮದುವೆಯಾದ ಹೊಸತರಲ್ಲಿ ಮಾವ ಕೋಲು ಹಿಡಿದ. ಅವತ್ತಿನಿಂದ ಅವನ ಅಂಗಾಲು ಕಂಡರೆ ಜಾಲಿ ಮುಳ್ಳೇ ಮಗ್ಗುಲಾಗುತ್ತದೆ ಎನ್ನುತ್ತಾಳೆ ಅವ್ವ.

ಹೋದ ವರ್ಷ ಕೊಂಡ್ಲಹಳ್ಳಿಯಾಚೆ ಹಳ್ಳದ ದಂಡೆ ಕುಸಿದು ಮಾವ ಬಿದ್ದ. ಬಲಗಾಲಿನ ಮಂಡಿ ತಿರುಗಿತು. ಆಸ್ಪತ್ರೆಯವರು ಮಾಡುವುದನ್ನು ಮಾಡಿದರು. ನಾಟಿ ಔಷಧಿಯವರು ಕಟ್ಟುವುದನ್ನು ಕಟ್ಟಿದರು. ಮಂಡಿ ಮಾತ್ರ ಅರ್ಧಕ್ಕೇ ಮಡಚಿ ಅಲ್ಲೇ ನಿಂತಿತು. ಹಿಂಡು ಮುಂದೆ ಮುಂದೆ, ಮಾವ ಹಿಂದೆ ಹಿಂದೆ. ಹಾಗೆ ಹಿಂದುಳಿದ ಒಂದು ಮಧ್ಯಾಹ್ನ ಕರುವೊಂದು ಹೆದ್ದಾರಿಗೆ ಇಳಿದು ಲಾರಿಯ ಕೆಳಗೆ ಹೋಯಿತು.

ಅದಕ್ಕೇ ಹಿರಿಯರು ದೊಡ್ಡಿಯ ಹತ್ತಿರ ಸೇರಿದರು. ದೊಡ್ಡಿ ಎಂದರೆ ದನ ಮೇಯುವ ಕಾವಲಿನ ಅಂಚಿನಲ್ಲಿ ಮುಳ್ಳು ಬೇಲಿ ಹಾಕಿದ ಬಯಲು. ಸಂಜೆ ದನ ಕೂಡುವುದು ಅಲ್ಲಿ. ಮಾವನನ್ನು ಕೂರಿಸಿಕೊಂಡು ನಾನೂ ಹೋಗಿದ್ದೆ.

"ಕರು ಹೋತು," ಎಂದು ಶುರು ಮಾಡಿದ ಕಾಟಪ್ಪ. ಅವನು ನಮ್ಮವನೇ, ದೂರದಲ್ಲಿ ದಾಯಾದಿ. ಕೋಲು ತನ್ನ ತಮ್ಮನ ಕೈಗೆ ಬರಲಿ ಎಂಬುದು ಅವನ ಮನಸ್ಸಿನಲ್ಲಿ ಇದ್ದದ್ದು ಎಲ್ಲರಿಗೂ ಗೊತ್ತು. "ನಾಳೆ ಎತ್ತು ಹೋಗ್ತೈತೆ. ನಾನು ಮುದ್ದಣ್ಣನ ಮೇಲೆ ಹೇಳ್ತಿಲ್ಲ, ಅವನ ಮಂಡಿ ಮೇಲೆ ಹೇಳ್ತಿದೀನಿ."

"ಮಂಡಿಗೊಂದು ಮುದ್ದಣ್ಣಗೊಂದು ಬೇರೆ ಬೇರೆ ಮನೆ ಐತಾ?" ಎಂದೆ.

"ನೀನು ಸುಮ್ಕಿರಲೇ ಲೋಹಿತ. ಇದು ಪಾನಾ ಹಿಡಿಯೋರ ಮಾತಲ್ಲ."

ಗುಡಿಕಟ್ಟಿನ ಯಜಮಾನ ಚಿನ್ನಯ್ಯ ತಾತ ಕೈ ಎತ್ತಿದ. ಮೊಳಕಾಲ್ಮೂರಿನ ಗಡಿಯ ಕಡೆಯವನು. ಮಾತಿನೊಳಗೆ ತೆಲುಗು ಒಗ್ಗರಣೆಯ ಹಾಗೆ ಬಂದು ಹೋಗುತ್ತದೆ.

"ವಿನು ಮುದ್ದಪ್ಪಾ, ಕೋಲು ಅಂದ್ರೆ ಬಿದಿರಲ್ಲ. ಕೋಲು ಅಂದ್ರೆ ನಡಿಗೆ. ಹಿಂಡು ಎತ್ತ ಹೋಗ್ತೈತೋ ಕಿಲಾರಿ ಅತ್ತ ಹೋಗಬೇಕು. ನಿನಗೆ ಆಗ್ತೈತಾ?"

ಮಾವ ಕೋಲನ್ನು ಎರಡು ಕೈಯಲ್ಲೂ ಹಿಡಿದು ನಿಧಾನಕ್ಕೆ ತಿರುಗಿಸುತ್ತಿದ್ದ. ಅವನಿಗೆ ಹೊಲ ಗೊತ್ತಿಲ್ಲ, ಕೂಲಿ ಗೊತ್ತಿಲ್ಲ. ಊರಿನಲ್ಲಿ ಅವನನ್ನು ಮುದ್ದಪ್ಪ ಎಂದು ಕರೆಯುವವರೇ ಕಡಿಮೆ, ಎಲ್ಲರಿಗೂ ಅವನು ಕಿಲಾರಿ. ಕೋಲು ಹೋದರೆ ಆ ಹೆಸರು ಹೋಗುತ್ತದೆ. ಆಮೇಲೆ ಅವನು ಕಟ್ಟೆಯ ಮೇಲೆ ಕೂತ ಒಬ್ಬ ಕುಂಟ.

"ಆಗ್ತೈತೆ ತಾತ," ಎಂದೆ. "ನಾನು ಗಾಡಿ ಕಟ್ಟಿ ಕೊಡ್ತೀನಿ."

ಕೂತವರು ನಕ್ಕರು.

"ದೇವರ ಎತ್ತಿನ ಹಿಂದೆ ಬೈಕಾ," ಎಂದ ಕಾಟಪ್ಪ. "ಹಂಗೇ ಒಂದು ಡಿಜೆ ಸೌಂಡೂ ಕಟ್ಟಿಬಿಡು."

ಚಿನ್ನಯ್ಯ ತಾತ ನಗಲಿಲ್ಲ. ಬಾಯೊಳಗಿನ ಎಲೆ ಅಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ತಳ್ಳಿದ.

"ಕಿಲಾರಿ ಗಾಡಿ ಹತ್ತಬಾರದು ಅಂತ ನಮ್ಮ ಹಿರೇರು ಹೇಳಿಲ್ಲ. ಅವರ ಕಾಲಕ್ಕೆ ಗಾಡಿ ಇರಲಿಲ್ಲ, ಅದಕ್ಕೇ ಹೇಳಿಲ್ಲ ಅಂತಿಟ್ಕೋ. ಆದ್ರೆ ದನ ಬೆದರಬಾರದು. ಬರಿಗಾಲು ಬರಿಗಾಲಾಗೇ ಇರಬೇಕು. ಇವೆರಡೂ ನಡೆದ್ರೆ ಕೋಲು ಮುದ್ದಪ್ಪನ ಕೈಯಾಗೆ. ಅಮಾಸೆಗೆ ಇಲ್ಲೇ ಸೇರೋಣ."

"ಆತು," ಎಂದು ಎದ್ದೆ.

ಗಾಡಿ ನಮ್ಮಪ್ಪನದು. ಸಿಡಿ ಹಂಡ್ರೆಡ್. ಅಪ್ಪ ಅದರ ಮೇಲೆ ಕಂಬಳಿ ಹೇರಿಕೊಂಡು ಸಂತೆಯಿಂದ ಸಂತೆಗೆ ತಿರುಗಿದವನು. ಮಾವ ಕೋಲು ಹಿಡಿಯುವ ಮೊದಲು ಓಡಿಸಲು ಕಲಿತದ್ದೂ ಅದರ ಮೇಲೆಯೇ. ಅಪ್ಪ ಹೋದ ಮೇಲೆ ಅದು ನಮ್ಮ ಮನೆಯ ಪಕ್ಕ ಗೋಡೆಗೆ ಒರಗಿ ನಿಂತಿತ್ತು. ಅವ್ವ ಅದರ ಹ್ಯಾಂಡಲ್ಲಿಗೆ ಮೆಣಸಿನಕಾಯಿ ಚೀಲ ನೇತು ಹಾಕುತ್ತಿದ್ದಳು. ಎಷ್ಟು ಜನ ಅದನ್ನು ಗುಜರಿಗೆ ಹಾಕು ಎಂದರೋ. ಚಾಸಿ ತಟ್ಟಿ ನೋಡಿದವರು ಒಬ್ಬರೂ ಇಲ್ಲ. ನಾನು ನೋಡಿದ್ದೆ. ಗುಡಿಯ ಗಂಟೆಯ ಹಾಗೆ ಮಾತಾಡುತ್ತಿತ್ತು.

ಮೊದಲು ಹೋದದ್ದು ಬುಡೇನ್‌ ಸಾಬರ ಗುಜರಿಗೆ. ಅಪಘಾತವಾದ ಗಾಡಿಗಳೆಲ್ಲ ಕೊನೆಗೆ ಅವರ ಕಾಂಪೌಂಡಿನಲ್ಲಿ ಮಲಗುತ್ತವೆ.

"ಕ್ಯಾ ಲೋಹಿತ್," ಎಂದರು, "ಈ ಸಲ ಯಾವ ಹೆಣದ ಕೈ ಯಾವ ಹೆಣಕ್ಕೆ ಹೊಲಿತೀಯಪ್ಪಾ?"

"ಹೆಣ ಅಲ್ಲ ಚಾಚಾ, ಬಾಣಂತಿ. ಎದ್ದು ಓಡಾಡ್ತೈತೆ ನೋಡ್ತಿರಿ."

ನನ್ನ ಲೆಕ್ಕ ತಲೆಯಲ್ಲಿ ಸಿದ್ಧವಾಗಿತ್ತು. ಕಿಕ್ ಇರುವುದು ಬಲಗಡೆ. ಮಾವನ ಕೆಟ್ಟ ಮಂಡಿಯೂ ಬಲಗಡೆಯದೇ. ಆದ್ದರಿಂದ ಗುಂಡಿ ಒತ್ತಿದರೆ ಶುರುವಾಗಬೇಕು. ಹೊಸ ಸ್ಪ್ಲೆಂಡರ್ ಒಂದರ ಇಂಜಿನ್ನಿನ ಕೆಳಭಾಗವನ್ನು ಸೆಲ್ಫ್ ಮೋಟರ್ ಸಮೇತ ಎತ್ತಿಕೊಂಡೆ. ಅದು ಅದೇ ವಂಶದ್ದು, ಅಜ್ಜನಿಗೆ ಮೊಮ್ಮಗನ ರಕ್ತ ಕೊಟ್ಟ ಹಾಗೆ. ಹಿಂದಿನ ಬ್ರೇಕು ಬಲಗಾಲಿನದು. ಆ ಕಾಲಿಗೆ ಹೆಚ್ಚು ಕೆಲಸ ಇರಬಾರದು. ಮುಂದಿನ ಬ್ರೇಕೇ ಎಲ್ಲ ಹಿಡಿಯಬೇಕು, ಅದೂ ಕೈಯಲ್ಲಿ, ಎರಡು ಬೆರಳಲ್ಲಿ. ಅದಕ್ಕೆ ರಾಂಪುರಕ್ಕೆ ಹೋಗಿ ಬಾವಿಯ ಪಕ್ಕ ಬಿದ್ದಿದ್ದ ಒಂದು ಪಲ್ಸರ್‌ನ ಮುಂಭಾಗವನ್ನೇ ಬಿಚ್ಚಿಸಿಕೊಂಡು ಬಂದೆ, ಫೋರ್ಕು, ಚಕ್ರ, ಡಿಸ್ಕು ಎಲ್ಲ ಸೇರಿ. ಹಿಂದಕ್ಕೆ ಗ್ಯಾಸಿನ ಶಾಕು. ಕಲ್ಲಲ್ಲಿ ಜಾರದಿರಲಿ ಎಂದು ದಪ್ಪ ಕಚ್ಚಿನ ಟೈರು.

ಪಲ್ಸರ್‌ನ ಫೋರ್ಕು ಸಿಡಿಯ ಕುತ್ತಿಗೆಗೆ ಕೂರುವುದಿಲ್ಲ ಎಂದು ಪಕ್ಕದ ಲೇತಿನವನು ಹೇಳಿದ. ಅವನನ್ನು ಎಬ್ಬಿಸಿ ಕಳಿಸಿ ಅವನ ಲೇತಿನ ಮೇಲೆಯೇ, ಫೋರ್ಕನ್ನು ಕುತ್ತಿಗೆಗೆ ಕೂಡಿಸುವ ಕಡ್ಡಿಯನ್ನು ನಾನು ಕಡೆದೆ. ಒಂದು ಸಲ ಲೇತು ಹೆಚ್ಚು ತಿಂದಿತು, ಬಿಸಾಡಿದೆ. ಇನ್ನೊಂದು ಕಡೆದೆ. ಅದು ಒಂದು ಏಟಿಗೆ, ತುಪ್ಪದಲ್ಲಿ ಬೆರಳು ಇಳಿದ ಹಾಗೆ ಇಳಿಯಿತು. ಲೇತಿನವನು ಬಂದು ನೋಡಿ "ಕೂತೈತಲ್ಲೋ" ಎಂದ. ನಾನು ಮುಂದಿನ ಚಕ್ರ ಎತ್ತಿಕೊಂಡೆ.

ಸೈಲೆನ್ಸರಿನ ಮೇಲೆ ಹೆಚ್ಚು ತಲೆ ಕೆಡಿಸಿಕೊಂಡೆ. ಊರ ಹುಡುಗರಿಗೆಲ್ಲ ಶಬ್ದ ಬೇಕು, ನನಗೆ ಈ ಒಂದು ಗಾಡಿಗೆ ಶಬ್ದ ಬೇಡ. ಹೊಸ ಗಾಡಿಯ ಉದ್ದ ಸೈಲೆನ್ಸರ್ ಹಾಕಿ, ಅದರ ಹೊಟ್ಟೆಗೆ ಇನ್ನೊಂದು ತಡೆ ಬೆಸೆದು, ಬರಿಗಾಲು ಸುಡದಂತೆ ಮೇಲೊಂದು ತಗಡಿನ ಕವಚ ಕೊಟ್ಟೆ. ಸ್ಟಾರ್ಟ್ ಮಾಡಿದರೆ ಆಕಳು ಮೆಲುಕು ಹಾಕುವಷ್ಟೇ ಸದ್ದು. ರಸ್ತೆಗೆ ತಂದರೆ ಪೊಲೀಸರು ಇದರ ಜಾತಕ ಕೇಳುತ್ತಾರೆ, ಗೊತ್ತು. ಇದು ರಸ್ತೆಯ ಗಾಡಿಯಲ್ಲ. ಟೆಂಪೋದಲ್ಲಿ ಹಾಕಿಕೊಂಡು ಹೋಗಿ ಕಾವಲಿನಲ್ಲಿ ಇಳಿಸುವ ಗಾಡಿ.

ಮಾವನನ್ನು ಶೆಡ್ಡಿಗೆ ಕರೆಸಿ ಮಿಲ್ಲಿನ ಹಿಂದಿನ ಬಯಲಿನಲ್ಲಿ ಓಡಿಸಲು ಕೊಟ್ಟೆ. ಗುಂಡಿ ಒತ್ತಿದ. ಸ್ಟಾರ್ಟ್ ಆದದ್ದು ಗೊತ್ತಾಗದೆ ಮತ್ತೆ ಒತ್ತಿದ.

"ಆಗೈತೆ ಮಾವ, ಬಿಡು."

"ಆಗೈತಾ? ಒಳ್ಳೆ ಸಂಭಾವಿತ ಆಗೈತಲ್ಲೋ ನಿಮ್ಮಪ್ಪನ ಗಾಡಿ. ಆಗ ಊರಿಗೆಲ್ಲ ಕೇಳಿಸ್ತಿತ್ತು."

ಎರಡು ಸುತ್ತು ಹೊಡೆದು ಇಳಿದಾಗ ಅವನ ಮುಖ ಹೊಳೆಯುತ್ತಿತ್ತು. ಅಂಗಾಲು ನೋಡಿದೆ. ಕಲ್ಲು ದಾರಿಯಲ್ಲಿ ಕಾಲು ಜಾರಬಾರದೆಂದು ಗುಡ್ಡ ಹತ್ತುವ ಹೊಸ ಬೈಕಿನ ಅಗಲದ ಫುಟ್‌ರೆಸ್ಟ್ ಹಾಕಿದ್ದೆ, ಅಂಚಿಗೆ ಗರಗಸದಂಥ ಹಲ್ಲು ಇರುವಂಥದ್ದು. ಬೂಟು ಹಾಕುವವರಿಗೆ ಮಾಡಿದ ಸಾಮಾನು ಅದು. ಮುಳ್ಳಿಗೆ ಹೆದರದ ಅಂಗಾಲನ್ನು ಹಲ್ಲು ಅದುರಿ ಅದುರಿ ತರಿದು ಹಾಕಿತ್ತು.

"ಏನಿಲ್ಲ ಬಿಡು," ಎಂದ ಮಾವ.

"ಏನಿಲ್ಲ ಅಂದ್ರೆ? ದಿನಾ ಹಿಂಗೆ ಮಾಡ್ಕೊಂತೀಯಾ?"

ಸಂತೆ ಮೈದಾನದ ಅಂಚಿನಲ್ಲಿ ಹಳೆ ಟೈರು ಕೊಯ್ದು ಚಪ್ಪಲಿ ಹೊಲಿಯುವವರಿದ್ದಾರೆ. ಅವರ ಹತ್ತಿರ ಹೋಗಿ ಲಾರಿ ಟೈರಿನ ಎರಡು ಒಳ್ಳೆಯ ತುಂಡು ಕೊಯ್ಸಿಕೊಂಡು ಬಂದೆ. ಹಲ್ಲಿನ ಮೇಲೆ ಇಟ್ಟು ಬೋಲ್ಟ್ ಬಿಗಿದೆ. ಮೆತ್ತಗೆ, ಗಟ್ಟಿಗೆ, ಜಾರದ ಹಾಗೆ.

ಮಾವ ಕಾಲಿಟ್ಟು ಒತ್ತಿ ನೋಡಿದ. "ಈಗ ಮೆಟ್ಟು ಸರಿಯಾತು," ಎಂದ. ಫುಟ್‌ರೆಸ್ಟ್ ಎಂಬ ಮಾತು ಅವನ ಬಾಯಿಗೆ ಬರುವುದಿಲ್ಲ. ಕಾಲಿಡುವುದೆಲ್ಲ ಅವನಿಗೆ ಮೆಟ್ಟು, ಬಸ್ಸಿನದಾಗಲಿ, ಬಾವಿಯದಾಗಲಿ. ನಾನು ಬೋಲ್ಟ್ ಬಿಗಿಯುವುದರಲ್ಲಿ ಇದ್ದೆ. ಆ ಮಾತು ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ.

ಅಮಾವಾಸ್ಯೆಯ ಬೆಳಗ್ಗೆ ದೊಡ್ಡಿಯ ಹತ್ತಿರ ಗಾಡಿ ಇಳಿಸಿದೆವು. ಚಿನ್ನಯ್ಯ ತಾತ ಮೊಮ್ಮಗನ ಬೈಕಿನ ಹಿಂದೆ ಕೂತು ಬಂದಿದ್ದ. ಕಾಟಪ್ಪ ತನ್ನ ಹೊಸ ಬೈಕಿನಲ್ಲಿ ಹೆಂಡತಿ ಶಿಲ್ಪಳನ್ನು ಕೂರಿಸಿಕೊಂಡು ಬಂದ. ಅವ್ವ ಮೊದಲೇ ಬಂದು ಬೇಲಿಯ ಹೊರಗೆ ಹಿರಿಯರು ಕೂರುವ ಜಾಗವನ್ನು ಗುಡಿಸಿ ಸಗಣಿಯಲ್ಲಿ ಸಾರಿಸುತ್ತಿದ್ದಳು. ಅವಳ ಹೆಸರು ಕೆಂಚಕ್ಕ. ಅವಳ ಬಾಯಿಗೆ ಎರಡು ತಾಲೂಕು ಹೆದರುತ್ತದೆ.

"ಏನು ಕೆಂಚಕ್ಕ, ಮಗ ವಿಮಾನ ಕಟ್ಟಿದಾನಂತೆ," ಎಂದ ಕಾಟಪ್ಪ.

"ಹೂಂ ಕಣಪ್ಪ. ನಿನ್ನನ್ನ ಕೂರಿಸಿ ಒಂದು ಸಲ ಮೇಲಕ್ಕೆ ಕಳಿಸ್ತೀವಿ," ಎಂದಳು ಅವ್ವ, ತಲೆ ಎತ್ತದೆ.

ದೊಡ್ಡಿಯ ಬಾಗಿಲು ತೆಗೆದರು. ಹಿಂಡು ಹೊರಬಂದು ಕಾವಲಿಗೆ ಹರಡಿತು. ಮಾವ ಕೋಲನ್ನು ಬೆನ್ನಿಗೆ ಅಡ್ಡ ಕಟ್ಟಿಕೊಂಡು ಗಾಡಿ ಹತ್ತಿದ. ಗುಂಡಿ ಒತ್ತಿದ. ಹತ್ತಿರ ನಿಂತಿದ್ದ ಆಕಳು ಕಿವಿಯೊಂದನ್ನು ತಿರುಗಿಸಿತು, ಹುಲ್ಲು ಬಿಡಲಿಲ್ಲ. ಅವನು ಹಿಂಡಿನ ಮಗ್ಗುಲಿಗೆ, ಕಲ್ಲಿನ ಮೇಲೆ, ಲಂಟಾನದ ಸಂದಿಯಲ್ಲಿ ನಡಿಗೆಯ ವೇಗದಲ್ಲಿ ಸಾಗಿದ. ಬಾಯಲ್ಲಿ ಅದೇ ಹಳೆಯ ಹೋಯ್ ಹೋಯ್. ಹೆದ್ದಾರಿಯ ಕಡೆ ತಿರುಗಿದ ಎಳೆ ಹೋರಿಯೊಂದನ್ನು ಸುತ್ತು ಹಾಕಿ ಮುಂದೆ ಹೋಗಿ ನಿಂತ. ಎರಡು ಬೆರಳಿಗೆ ಗಾಡಿ ನಿಂತಿತು. ಹೋರಿ ಅವನ ಮುಖ ನೋಡಿ ವಾಪಸು ಬಂತು.

ನಾನು ಕೈ ಕಟ್ಟಿಕೊಂಡು ನಿಂತಿದ್ದೆ. ಗೆದ್ದಾಗಿತ್ತು.

ಮಾವ ಬಂದು ನಿಲ್ಲಿಸಿದ. ಹಿರಿಯರು ಸುತ್ತುವರಿದರು. ಚಿನ್ನಯ್ಯ ತಾತ ಅವನ ಹೆಗಲು ತಟ್ಟಿದ. ಕಾಟಪ್ಪ ಮಾತ್ರ ಬಗ್ಗಿ ಕೆಳಗೆ ನೋಡುತ್ತಿದ್ದ. ಕೆಲಸ ಕಲಿಯುವವನ ಹಾಗೆ ಒಂದೊಂದೇ ಸಾಮಾನು ಮುಟ್ಟಿ ಇದೇನು, ಇದೇನು ಎಂದು ಕೇಳುತ್ತಿದ್ದ. ಡಿಸ್ಕು ಕೇಳಿದ, ಶಾಕು ಕೇಳಿದ. ಮಾವ ಖುಷಿಯಲ್ಲಿ ಹೇಳುತ್ತಾ ಹೋದ.

"ಇದು, ಕಾಲಿನ ಕೆಳಗಿಂದು?"

"ಅದಾ? ಅದು ಮೆಟ್ಟು," ಎಂದ ಮಾವ.

ಕಾಟಪ್ಪ ನೆಟ್ಟಗೆ ನಿಂತ. "ಕೇಳಿಸ್ಕೊಂಡ್ರಾ ತಾತ? ಚಪ್ಪಲಿ ಅಂತ ನಾನು ಹೇಳಿದ್ದಲ್ಲ. ಕಿಲಾರಿ ಬಾಯಾಗೇ ಬಂತು."

ಚಿನ್ನಯ್ಯ ತಾತ ಬಗ್ಗಿದ. ಬೆರಳಿನಿಂದ ಟೈರಿನ ತುಂಡನ್ನು ಒತ್ತಿದ. ತನ್ನ ಕಾಲಿನಲ್ಲಿದ್ದ ಚಪ್ಪಲಿ ನೋಡಿಕೊಂಡ. ಅದೂ ಟೈರಿನದೇ. ಅದೇ ಕಚ್ಚು, ಅದೇ ದಪ್ಪ. ಸಂತೆ ಮೈದಾನದ ಅದೇ ಕೈ ಕೊಯ್ದದ್ದು.

"ಏಮಿರಾ ಅಬ್ಬಾಯಿ ಇದಿ," ಎಂದ ನನ್ನ ಕಡೆ ತಿರುಗಿ. "ಇದು ಚಪ್ಪಲಿ ಅಟ್ಟೆ ಅಲ್ವೇನೋ? ಉಂಗುಟ ಒಂದಿಲ್ಲ ಅಷ್ಟೇ."

ಮುತ್ತಿನಂಥ ಕೆಲಸ ಮಾಡಿ ಕೊನೆಗೆ ನನ್ನ ಕೈಯಾರೆ ಕಿಲಾರಿಯ ಕಾಲಿಗೆ ಚಪ್ಪಲಿ ಬಿಗಿದಿದ್ದೆ, ಅದೂ ಬೋಲ್ಟ್ ಹಾಕಿ. ಸಿಟ್ಟು ಬಂತು.

"ತಾತ, ಮಾವ ಚಳ್ಳಕೆರೆಗೆ ಬಸ್ಸಲ್ಲಿ ಬರ್ತಾನೆ. ಬಸ್ಸಿನ ತಳಕ್ಕೂ ರಬ್ಬರ್ ಹಾಸೈತೆ. ಆಗ ಕೇಳಿದ್ರಾ ಯಾರಾದ್ರೂ?"

"ಬಸ್ಸನ್ನ ದೇವರ ಎತ್ತಿನ ಹಿಂದೆ ಓಡಿಸ್ತೀಯೇನ್ಲೇ?" ಎಂದ ಕಾಟಪ್ಪ. ಹಾಳಾದವನು, ಮಾತು ಸರಿಯಾಗಿಯೇ ಇತ್ತು.

"ತೆಗೀತೀನಿ ಬಿಡ್ರಿ," ಎಂದು ಪಾನಾ ತೆಗೆದು ಅಲ್ಲೇ ಕೂತು ಎರಡೂ ತುಂಡು ಬಿಚ್ಚಿ ಎಸೆದೆ. "ಈಗ ಬರೀ ಕಬ್ಬಿಣ. ಆತಾ?"

"ಕಬ್ಬಿಣ ಮೆಟ್ಟಬಹುದಾ?" ಕಾಟಪ್ಪ ಹಿರಿಯರ ಕಡೆ ತಿರುಗಿದ. "ಉಳೋ ಎತ್ತಿಗೆ ಲಾಳ ಹೊಡೀತಾರೆ. ಲಾಳ ಅಂದ್ರೆ ಏನು? ಎತ್ತಿನ ಮೆಟ್ಟು. ನಮ್ಮ ದೇವರ ಎತ್ತಿಗೆ ಲಾಳ ಹೊಡೀತೀವಾ? ಎತ್ತಿಗಿಲ್ಲದ ಕಬ್ಬಿಣ ಕಿಲಾರಿಗೆ ಯಾಕೆ?"

ಕೂತವರು ತಲೆದೂಗಿದರು. ನನಗೆ ಅವನ ಹಲ್ಲು ಉದುರಿಸುವಷ್ಟು ಕೋಪ ಬಂತು, ಜೊತೆಗೆ ಈ ತಲೆಯನ್ನು ಇವನು ಬೇರೆ ಯಾವುದಕ್ಕಾದರೂ ಬಳಸಿದ್ದರೆ ಎಂದೂ ಅನ್ನಿಸಿತು.

ಮಾವ ಗಾಡಿಯಿಂದ ಇಳಿದ. ಬೆನ್ನಿನ ಕೋಲು ಬಿಚ್ಚಿ ಕೈಗೆ ತೆಗೆದುಕೊಂಡ. "ಬಿಡು ಲೋಹಿತ," ಎಂದ ಮೆಲ್ಲಗೆ. "ನಡೆದಷ್ಟು ದಿನ ನಡೀತು."

"ನೀನು ಸುಮ್ನಿರು ಮಾವ."

"ಸಂಜೆ ಹಿಂಡು ಕೂಡೋ ಹೊತ್ತಿಗೆ ಒಂದು ಮಾತಿಗೆ ಬರೋಣ," ಎಂದ ಚಿನ್ನಯ್ಯ ತಾತ. ಅವನಿಗೂ ಬೇಜಾರಾಗಿತ್ತು, ಕಾಣಿಸುತ್ತಿತ್ತು. "ಕಿಲಾರಿ ಕಾಲಿಗೆ ನೆಲ ಸಿಗಬೇಕಪ್ಪ. ಚರ್ಮ ಅಲ್ಲ, ರಬ್ಬರ್ ಅಲ್ಲ, ಕಬ್ಬಿಣ ಅಲ್ಲ. ನೆಲ. ನಾನೇನು ಮಾಡಲಿ?"

ಅವ್ವ ಸಾರಿಸುವುದನ್ನು ಮುಗಿಸಿ ಸೊಂಟಕ್ಕೆ ಕೈ ಕೊಟ್ಟು ಎದ್ದಳು. ಮೊಣಕೈವರೆಗೆ ಸಗಣಿ.

"ಹಂಗಾದ್ರೆ ಈ ನೆಲಾನೇ ಕಿತ್ಕೊಂಡು ಗಾಡಿ ಮೇಲೆ ಹೇರ್ಕೊಂಡು ಹೋಗ್ಲಿ ಬಿಡ್ರಿ," ಎಂದಳು. "ಬೆಳಗಿಂದ ಸಾರಿಸಿದೀನಿ, ಬೇಕಾದ್ರೆ ಸುತ್ತಿ ಕೊಡ್ತೀನಿ, ಚಾಪೆ ಹಂಗೆ."

ಎಲ್ಲರೂ ನಕ್ಕರು. ನಾನು ನಗಲಿಲ್ಲ. ಅವ್ವನ ಕೈ ನೋಡಿದೆ, ಹಸಿಯಾಗಿ ಮಿನುಗುತ್ತಿದ್ದ ನೆಲ ನೋಡಿದೆ, ಆಮೇಲೆ ಸಾಲಾಗಿ ನಿಂತಿದ್ದ ಬೈಕುಗಳನ್ನು ನೋಡಿದೆ.

ಹೊಸ ಬೈಕುಗಳ ಎಡಗಡೆ, ಸೀರೆ ಉಟ್ಟವರು ಒಂದೇ ಮಗ್ಗುಲಿಗೆ ಕೂತಾಗ ಎರಡೂ ಕಾಲಿಡಲು, ಅಗಲದ ಒಂದು ಲೋಹದ ತಟ್ಟೆ ಇರುತ್ತದಲ್ಲ, ಲೇಡೀಸ್ ಫುಟ್‌ರೆಸ್ಟ್, ಅದು ಕಾಟಪ್ಪನ ಗಾಡಿಗೆ ಇತ್ತು. ಚಿನ್ನಯ್ಯ ತಾತನ ಮೊಮ್ಮಗನ ಗಾಡಿಗೂ ಇತ್ತು. ಅಂಚು ಮೇಲಕ್ಕೆ ಮಡಚಿದ, ಒಳ್ಳೆ ತಾಟಿನಂಥ ತಟ್ಟೆಗಳು.

ಪಾನಾ ಹಿಡಿದು ನೇರ ಕಾಟಪ್ಪನ ಗಾಡಿಯ ಹತ್ತಿರ ಕೂತೆ.

"ಲೇ, ಲೇ, ಅದು ನನ್ನ ಗಾಡಿ ಕಣಲೇ."

"ಗೊತ್ತು. ಹೊಸದು. ನಟ್ಟು ಚೆನ್ನಾಗಿ ಬಿಚ್ಕೊಂತಾವೆ."

"ತಾತ, ನೋಡ್ರಿ ಇವನ್ನ."

"ಇರು ಕಾಟಪ್ಪ," ಎಂದ ಚಿನ್ನಯ್ಯ ತಾತ. ಅವನು ನನ್ನ ಕೈಯನ್ನೇ ನೋಡುತ್ತಿದ್ದ. "ದೇವರ ಕೆಲಸಕ್ಕೆ ಅಂತ ಕೇಳ್ತಿದಾನೆ ಅಂತ ಕಾಣ್ತೈತೆ."

"ಎಲ್ಲಿ ಕೇಳ್ದ ಇವನು?"

"ತಗೊಳ್ಳಲಿ ಬಿಡ್ರಿ," ಎಂದಳು ಶಿಲ್ಪ. "ಕೂತಾಗೆಲ್ಲ ನನ್ನ ಸೀರೆ ಅಂಚು ಸಿಗಾಕ್ಕೊಳ್ತಿತ್ತು ಅದಕ್ಕೆ."

ಎರಡೂ ಗಾಡಿಯಿಂದ ಒಂದೊಂದು ತಟ್ಟೆ ಬಿಚ್ಚಿದೆ. ಎರಡೂ ಎಡಗಡೆಯವು. ಒಂದನ್ನು ಬಲಕ್ಕೆ ಬೆನ್ನು ತಿರುಗಿಸಿ ಕಟ್ಟಬೇಕಾಯಿತು. ಹಲ್ಲಿನ ಫುಟ್‌ರೆಸ್ಟ್ ಕಳಚಿ ಅದೇ ಬೋಲ್ಟಿಗೆ ತಟ್ಟೆ ಕೂರಿಸಿದೆ. ಬಲಗಡೆಯದು ಅಲ್ಲಾಡಿತು. ತಂತಿ ಸುತ್ತಿದೆ, ಮಾವನ ಭಾರಕ್ಕೆ ನಿಲ್ಲುವಷ್ಟು ಬಿಗಿಯಾಯಿತು. ಆಮೇಲೆ ತಗಡಿನಲ್ಲಿ ದೊಡ್ಡಿಯ ಒಳಗಿನ ಮಣ್ಣು ತುಂಬಿಕೊಂಡು ಬಂದು ಅವ್ವನ ಮುಂದೆ ಸುರಿದೆ.

"ಅವ್ವ, ಕಲಸು. ಒಡೀಬಾರದು, ಅದುರಿದ್ರೂ ಉದುರಬಾರದು."

ಅವ್ವ ನನ್ನ ಮುಖ ನೋಡಿದಳು. ಅವಳಿಗೆ ಆಗ ಹೊಳೆಯಿತು. "ಶೇಂಗಾ ಹೊಟ್ಟು ಬೇಕು," ಎಂದಳು. ನಾವು ಗಾಡಿ ತಂದದ್ದು ಚಳ್ಳಕೆರೆಯ ಎಣ್ಣೆ ಮಿಲ್ಲಿಗೆ ಶೇಂಗಾ ಹೊರುವ ಟೆಂಪೋದಲ್ಲಿ, ಹೊಟ್ಟಿಗೆ ಬರವೇ? ಚೀಲದ ಸಂದಿಯಲ್ಲಿ ಬೇಕಾದಷ್ಟು ಇತ್ತು. ಮಣ್ಣು, ಸಗಣಿ, ಹೊಟ್ಟು ಸೇರಿಸಿ ಅವಳು ನಾದಿದಳು, ರೊಟ್ಟಿ ಹಿಟ್ಟಿನ ಹಾಗೆ. ತಟ್ಟೆಗೆ ತುಂಬಿ ಅಂಗೈಯಲ್ಲಿ ಒತ್ತಿ, ಮೇಲೆ ನೀರು ಕೈ ಸವರಿ, ನಯ ಮಾಡಿದಳು.

"ದೇವರ ಎತ್ತಿನ ಸಗಣಿ ತುಳಿಯೋದಾ?" ಎಂದ ಕಾಟಪ್ಪ. ಅವನ ಧ್ವನಿ ಇಳಿದಿತ್ತು.

"ಯಾಕೆ, ದಿನಾ ದೊಡ್ಡಿ ಒಳಗೆ ಹೋದಾಗ ಅವನು ಹಾರ್ಕೊಂಡು ಓಡಾಡ್ತಾನಾ?" ಎಂದಳು ಅವ್ವ.

ನಮ್ಮ ಕಡೆಯ ಬಿಸಿಲಿಗೆ ಸಾರಣೆ ಒಣಗಲು ಹೇಳಿಕೊಡಬೇಕಿಲ್ಲ. ಊಟದ ಹೊತ್ತಿಗೆ ತಟ್ಟೆಯ ಮಣ್ಣು ಬಿಳಿಚಿ ಗಟ್ಟಿಯಾಯಿತು. ಚಿನ್ನಯ್ಯ ತಾತ ಬಂದು ತನ್ನ ಚಪ್ಪಲಿ ಬಿಟ್ಟ. ನನ್ನ ಹೆಗಲು ಹಿಡಿದುಕೊಂಡು ಬರಿಗಾಲನ್ನು ತಟ್ಟೆಯ ಮೇಲೆ ಇಟ್ಟ. ಕಣ್ಣು ಮುಚ್ಚಿದ. ಬೆರಳುಗಳನ್ನು ಅಗಲಿಸಿ ಕೂಡಿಸಿದ.

"ಕೆಳಗೆ ಕಬ್ಬಿಣ ಐತ್ರಿ," ಎಂದ ಕಾಟಪ್ಪ.

"ನಮ್ಮ ಮನೆ ನೆಲದ ಕೆಳಗೆ ಕಲ್ಲೈತೆ," ಎಂದ ತಾತ, ಕಣ್ಣು ತೆಗೆಯದೆ. "ಕಲ್ಲಿನ ಕೆಳಗೆ ಏನೈತೋ ನೋಡಿದೋರ್ಯಾರು. ಕಾಲಿಗೆ ಸಿಗೋದು ಮಣ್ಣು."

"ಗೇರು? ಬ್ರೇಕು? ಅವು ಕಬ್ಬಿಣ ತಾನೇ? ಅವನ್ನ ಕಾಲಲ್ಲೇ ಒತ್ತಬೇಕು."

ಇದಕ್ಕೆ ಉತ್ತರ ಕೊಟ್ಟವನು ಮಾವ. "ಕಾಟಪ್ಪ," ಎಂದ, "ಹಗ್ಗ ಹೊಸೆಯುವಾಗ ತುದೀನ ಕಾಲ್ಬೆರಳಲ್ಲಿ ಒತ್ತಿ ಹಿಡೀತೀನಿ. ಹಗ್ಗ ಮೆಟ್ಟಿದೆ ಅಂತಾರಾ? ಒತ್ತೋದು ಬೇರೆ, ಮೆಟ್ಟೋದು ಬೇರೆ. ಇದು ನನಗೆ ಗೊತ್ತೈತೆ, ಇಷ್ಟು ವರ್ಷ ಮೆಟ್ಟದೇ ಇದ್ದೋನು ನಾನು."

ಕಾಟಪ್ಪ ಹೋಗಿ ತನ್ನ ಗಾಡಿಗೆ ಒರಗಿ ನಿಂತ.

ಸಂಜೆ ಮಾವ ಹಿಂಡು ತಿರುಗಿಸಿಕೊಂಡು ಬರಲು ಹೋದ. ಈ ಸಲ ಎಲ್ಲರ ಕಣ್ಣೂ ಅವನ ಕಾಲಿನ ಮೇಲೆ. ಅಂಗಾಲು ಮಣ್ಣಿನ ಮೇಲೆ ಅಂಟಿದ ಹಾಗೆ ಕೂತಿತ್ತು. ಉಬ್ಬುಗಳಲ್ಲಿ ಗಾಡಿ ಎಗರಿತು, ಒಂದು ಮೂಲೆಯಲ್ಲಿ ಚೂರು ಮಣ್ಣು ಉದುರಿತು, ಉಳಿದದ್ದು ನಿಂತಿತು. ಹೋಯ್ ಹೋಯ್ ಎನ್ನುತ್ತಾ ಅವನು ಹಿಂಡಿನ ಹಿಂದೆ ಬಂದ. ಒಂದು ಕರುವೂ ಹಿಂದುಳಿಯಲಿಲ್ಲ, ಒಂದೂ ಬೆದರಲಿಲ್ಲ. ದೊಡ್ಡಿಯ ಬಾಗಿಲಿನಲ್ಲಿ ಗಾಡಿ ನಿಲ್ಲಿಸಿದಾಗ ಹಿಂಡಿನ ಹಿರಿಯ ಹೋರಿ ತಿರುಗಿ ಬಂತು. ಆ ಹೋರಿ ಹತ್ತಿರ ಬಂದರೆ ನಾವೆಲ್ಲ ಸರಿದು ನಿಲ್ಲುತ್ತೇವೆ. ಅದು ಮೂಗು ಇಳಿಸಿ ಹೊಸ ಚಕ್ರ ಮೂಸಿತು, ಬೇಡವೆಂದು ಬಿಟ್ಟಿತು. ತಟ್ಟೆ ಮೂಸಿತು. ನಾಲಿಗೆ ಚಾಚಿ ಮಣ್ಣನ್ನೂ ಮಾವನ ಪಾದವನ್ನೂ ಒಟ್ಟಿಗೆ ನೆಕ್ಕಿ ಒಳಗೆ ಹೋಯಿತು.

"ಉಪ್ಪಿಗೆ," ಎಂದ ಕಾಟಪ್ಪ, ತನಗೇ ಹೇಳಿಕೊಳ್ಳುವ ಹಾಗೆ.

ಚಿನ್ನಯ್ಯ ತಾತ ಕೈ ನೀಡಿ ಮಾವನಿಂದ ಕೋಲು ಇಸಿದುಕೊಂಡ. ಅವನು ಕೋಲನ್ನು ಗಾಡಿಯ ಎರಡೂ ತಟ್ಟೆಗೆ ಒಂದೊಂದು ಸಲ ತಾಗಿಸಿ, ಹಣೆಗೆ ಒತ್ತಿಕೊಂಡು, ವಾಪಸು ಮಾವನ ಕೈಗೆ ಕೊಟ್ಟ.

"ದಿನಾ ದೊಡ್ಡಿ ಸಾರಿಸುವಾಗ ಇದನ್ನೂ ಸಾರಿಸ್ಬೇಕು," ಎಂದ. "ಬಿರುಕು ಬಿಟ್ಟು ಕಬ್ಬಿಣ ತಾಕಿದ್ರೆ ಮೆಟ್ಟಾಗ್ತೈತೆ. ಸರ್ಲೇ?"

"ಸರ್ಲೇ ತಾತ," ಎಂದ ಮಾವ. ಕೋಲನ್ನು ಹೆಗಲಿಗಿಟ್ಟುಕೊಂಡು ದೊಡ್ಡಿಯ ಬಾಗಿಲು ಎಳೆದ.

ಹೊರಡುವಾಗ ಕಾಟಪ್ಪ ನನ್ನ ಪಕ್ಕಕ್ಕೆ ಬಂದ. ಸುತ್ತ ನೋಡಿ ಧ್ವನಿ ತಗ್ಗಿಸಿದ. "ನನ್ನ ತಟ್ಟೆ ಯಾವಾಗ ಕೊಡ್ತೀಯೋ?"

"ಕೊಡಲ್ಲ. ಶೆಡ್ಡಿಗೆ ಬಾ, ಬೇರೆದು ಹಾಕಿ ಕೊಡ್ತೀನಿ. ಸೀರೆ ಅಂಚು ಸಿಗಾಕ್ಕೊಳ್ದಂಗೆ ಅಂಚು ಕೆಳಕ್ಕೆ ಮಡಚಿ ಹಾಕ್ತೀನಿ."

"ಮತ್ತೆ, ಆ ಮುಂದಿನ ಡಿಸ್ಕು," ಎಂದ. ಅರ್ಧಕ್ಕೆ ನಿಲ್ಲಿಸಿದ. "ಅಪ್ಪನ ಹಳೇ ಗಾಡಿ ನಮ್ಮನೇಲೂ ಒಂದೈತೆ. ಅದಕ್ಕೆ ಕೂರಲ್ಲ ಅಂದ್ರು."

"ಯಾರು ಅಂದಿದ್ದು?"

ಅವನು ಹೆಸರು ಹೇಳಿದ. ನಮ್ಮ ಪಕ್ಕದ ಲೇತಿನವನು.

"ತಗೊಂಡು ಬಾ," ಎಂದೆ.

ಅವನು ಗಾಡಿ ಸ್ಟಾರ್ಟ್ ಮಾಡಿದ. ಶಿಲ್ಪ ಎಂದಿನಂತೆ ಒಂದು ಮಗ್ಗುಲಿಗೆ ಕೂತು ಕಾಲಿಡಲು ಜಾಗ ಹುಡುಕಿದಳು, ಸಿಗಲಿಲ್ಲ. ಚಪ್ಪಲಿ ಜಾರುತ್ತದೆಂದು ಎರಡನ್ನೂ ತೆಗೆದು ಕೈಯಲ್ಲಿ ಹಿಡಿದುಕೊಂಡಳು. ಬರಿಗಾಲು ಇಳಿಬಿಟ್ಟುಕೊಂಡು, ನಮ್ಮ ಕಡೆ ನೋಡಿ ನಗುತ್ತಾ, ಊರ ಕಡೆ ಹೋದಳು.